ಕಡಲ ಊರಿನ ಟ್ರ್ಯಾಕ್ ಸೈಕಲ್: ಸ್ಟೀಲೋ, ಅಲ್ಯೂಮಿನಿಯಮ್ಮೋ?

ಟ್ರ್ಯಾಕ್ ಸೈಕಲ್ ಕೊಳ್ಳಲು ಹೋದವರು ಮೊದಲು ಮಾಡುವ ಕೆಲಸ ಒಂದೇ. ಒಂದು ಕೈಯಲ್ಲಿ ಸೈಕಲ್ ಎತ್ತಿ ನೋಡುತ್ತಾರೆ. ಹಗುರ ಅನ್ನಿಸಿದರೆ ದುಡ್ಡು ಕೊಟ್ಟು ಬರುತ್ತಾರೆ. ಎರಡು ಮಳೆಗಾಲ ಮುಗಿಯುವ ಹೊತ್ತಿಗೆ ಸೀಟು ಮೇಲಕ್ಕೂ ಬರುವುದಿಲ್ಲ, ಕೆಳಕ್ಕೂ ಹೋಗುವುದಿಲ್ಲ. ಇಲ್ಲವೇ ಪೆಡಲ್ ಹತ್ತಿರ ಪೇಂಟ್ ಉಬ್ಬಿ, ಒತ್ತಿದರೆ ಒಳಗಿನಿಂದ ಕಂದು ಪುಡಿ ಉದುರುತ್ತದೆ. ಕಾರವಾರದಲ್ಲಿ ಇಂಥ ಸೈಕಲ್‌ಗಳನ್ನು ಎಷ್ಟೋ ನೋಡಿದ್ದೇನೆ. ನಮ್ಮ ಕರಾವಳಿಯಲ್ಲಿ ಫ್ರೇಮ್ ಆರಿಸಬೇಕಾದ್ದು ತೂಕ ನೋಡಿ ಅಲ್ಲ, ಉಪ್ಪು ಗಾಳಿ ನೋಡಿ.

ಟ್ರ್ಯಾಕ್ ಸೈಕಲ್ ಅಂದರೆ ವೆಲೋಡ್ರೋಮ್‌ನಲ್ಲಿ, ಅಂದರೆ ಸೈಕಲ್ ರೇಸಿನ ಟ್ರ್ಯಾಕಿನಲ್ಲಿ, ರೇಸ್ ಓಡಿಸಲು ಮಾಡಿದ್ದು. ಬದಲಿಸುವ ಗೇರ್ ಇಲ್ಲ, ಬ್ರೇಕ್ ಇಲ್ಲ, ಫ್ರೀವೀಲ್ ಕೂಡ ಇಲ್ಲ. ಚಕ್ರ ತಿರುಗುವವರೆಗೆ ಪೆಡಲೂ ತಿರುಗುತ್ತಲೇ ಇರುತ್ತದೆ. ಕೆಡುವ ಭಾಗಗಳೇ ಕಡಿಮೆ ಆದ್ದರಿಂದ ದಿನಾ ಆಫೀಸಿಗೆ ಓಡಿಸಲು ಒಳ್ಳೆಯದೇ. ನಮ್ಮ ಮಳೆಯಲ್ಲಿ ಗೇರ್ ವಯರು ಜಾಮ್ ಆಗುವ ತಲೆನೋವೇ ಇಲ್ಲ. ಆದರೆ ಚಾವಣಿಯ ಕೆಳಗಿನ ಮರದ ಟ್ರ್ಯಾಕಿಗೆ ಮಾಡಿದ ಫ್ರೇಮನ್ನು ಹೆದ್ದಾರಿಗೆ ತರುವ ಮುಂಚೆ ಕೆಲವು ಸಂಗತಿ ನೋಡಲೇಬೇಕು.

ಹಂತ 1: ಸೈಕಲ್ ಎಲ್ಲಿ ನಿಲ್ಲುತ್ತದೆ?

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಸೈಕಲ್ ನಿಲ್ಲಿಸುವ ಜಾಗಕ್ಕೆ ಕಡಲ ಗಾಳಿ ಬರುತ್ತದೆ ಅಂತಾದರೆ ಅಲ್ಯೂಮಿನಿಯಂ ತಗೊಳ್ಳಿ. ಕೋಡಿಬಾಗ, ಬೈತಖೋಲ ಕಡೆಯವರು ಎರಡನೇ ಯೋಚನೆಯನ್ನೇ ಮಾಡಬೇಡಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದವರಾದರೆ ಸ್ಟೀಲ್, ಅದರಲ್ಲೂ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಸೇರಿಸಿದ ಗಟ್ಟಿ ಸ್ಟೀಲ್). ಅಲ್ಲಿ ಮಳೆ ಜೋರು, ಆದರೆ ಉಪ್ಪಿಲ್ಲ. ಸ್ಟೀಲ್ ಫ್ರೇಮ್ ಬಾಗಿದರೆ ಸರಿಮಾಡಬಹುದು, ಬಿರುಕು ಬಿಟ್ಟರೆ ಕೈ ಪಳಗಿದ ವೆಲ್ಡರ್ ಬೆಸೆದು ಕೊಡುತ್ತಾನೆ. ಅಲ್ಯೂಮಿನಿಯಂ ಫ್ರೇಮಿಗೆ ಆ ಭಾಗ್ಯ ಇಲ್ಲ. ಫ್ರೇಮಿಗೆ ಬಳಸುವ 6061 ಅಲ್ಯೂಮಿನಿಯಂ ವೆಲ್ಡ್ ಮಾಡಿದ ಜಾಗದಲ್ಲಿ ಮೆತ್ತಗಾಗುತ್ತದೆ. ಮತ್ತೆ ಲೆಕ್ಕಾಚಾರದ ಶಾಖ ಕೊಟ್ಟರೆ ಮಾತ್ರ ಅದರ ಗಟ್ಟಿತನ ವಾಪಸ್ ಬರುತ್ತದೆ. ಬಿರುಕು ಬಿಟ್ಟ ಅಲ್ಯೂಮಿನಿಯಂ ಫ್ರೇಮನ್ನು ರಿಪೇರಿ ಮಾಡಿಸಿ ಓಡಿಸಲೇಬೇಡಿ.

ತೂಕದ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಅಷ್ಟೇ ಗಾತ್ರದ ಅಲ್ಯೂಮಿನಿಯಮ್ಮಿಗಿಂತ ಸ್ಟೀಲ್ ಸುಮಾರು ಮೂರು ಪಟ್ಟು ಭಾರ. ಆದರೆ ಬಾಗದೆ ನಿಲ್ಲುವ ಬಿಗಿಯೂ ಮೂರು ಪಟ್ಟು. ಅದಕ್ಕೇ ಅಲ್ಯೂಮಿನಿಯಂ ಕೊಳವೆಗಳನ್ನು ದಪ್ಪ ಮಾಡುತ್ತಾರೆ. ಒಳ್ಳೆಯ ಕ್ರೋಮೋಲಿ ಫ್ರೇಮಿಗೂ ಅಲ್ಯೂಮಿನಿಯಂ ಫ್ರೇಮಿಗೂ ಅಂತರ ಬಹಳವಾದರೆ ಒಂದು ಕೆಜಿ ಆಸುಪಾಸು. ನಿಮ್ಮ ಊಟದ ಡಬ್ಬಿ, ನೀರಿನ ಬಾಟಲಿ ಸೇರಿದರೆ ಅದಕ್ಕಿಂತ ಜಾಸ್ತಿ ಆಗುತ್ತದೆ ಅಲ್ವಾ?

ಹಂತ 2: ತೂತು ಇದೆಯಾ?

ಮುಂದಿನ ಚಕ್ರ ಹಿಡಿಯುವ ಫೋರ್ಕಿನಲ್ಲಿ ಬ್ರೇಕ್ ಕೂರಿಸುವ ತೂತು ಇರಬೇಕು, ಫ್ರೀವೀಲ್ ಹಾಕಿ ಓಡಿಸುವುದಾದರೆ ಹಿಂದೆಯೂ. ಇಲ್ಲದಿದ್ದರೆ ಆ ಸೈಕಲ್ ಬಿಡಿ. ಡ್ರಿಲ್ ಹಾಕಿ ಕೊಡುತ್ತೇನೆ ಎಂದರೆ ಒಪ್ಪಬೇಡಿ, ಫೋರ್ಕ್ ಮುರಿದರೆ ಮುಖವೇ ರಸ್ತೆಗೆ ಬೀಳುತ್ತದೆ. ಮಡ್‌ಗಾರ್ಡ್‌ಗೂ ಜಾಗ ನೋಡಿ. ನಮ್ಮ ಕೆಂಪು ಮಣ್ಣಿನ ರಾಡಿ ಟೈರಿಗೂ ಫ್ರೇಮಿಗೂ ನಡುವೆ ಸಿಕ್ಕಿಕೊಂಡರೆ ಚಕ್ರವೇ ತಿರುಗುವುದಿಲ್ಲ. 28 ಮಿ.ಮೀ. ಟೈರ್ ಹಾಕಿದ ಮೇಲೂ ಕಿರುಬೆರಳು ತೂರುವಷ್ಟು ಸಂದು ಉಳಿಯಲಿ.

ಹಂತ 3: ಲೋಹ ಯಾವುದು?

ಅಂಗಡಿಯವರ ಮಾತು ಬೇಡ, ಜೇಬಲ್ಲಿ ಒಂದು ಆಯಸ್ಕಾಂತ ಇರಲಿ. ಕಚ್ಚಿದರೆ ಸ್ಟೀಲ್, ಬಿದ್ದರೆ ಅಲ್ಯೂಮಿನಿಯಂ. ಸ್ಟೀಲ್ ಆದರೆ ಫ್ರೇಮಿನ ಸ್ಟಿಕ್ಕರ್ ಓದಿ. 4130 ಅಥವಾ ಕ್ರೋಮೋಲಿ ಅಂತಿದ್ದರೆ ಸರಿ. ಹೈ-ಟೆನ್ ಅಂತಿದ್ದರೆ ಕಡಿಮೆ ದರ್ಜೆಯ ದಪ್ಪ ಸ್ಟೀಲ್, ಬೇಡ. ಕ್ರೋಮೋಲಿಗೆ ತುಕ್ಕು ಹಿಡಿಯುವುದಿಲ್ಲ ಎಂದು ಮಾರುವವರಿದ್ದಾರೆ. ಅದು ಸುಳ್ಳು. ಅದರಲ್ಲಿ ಕ್ರೋಮಿಯಂ ಇರುವುದು ನೂರಕ್ಕೆ ಒಂದರಷ್ಟು. ಸ್ಟೇನ್‌ಲೆಸ್ ಎನ್ನಿಸಿಕೊಳ್ಳಲು ನೂರಕ್ಕೆ ಹತ್ತೂವರೆಯಾದರೂ ಬೇಕು.

ಹಂತ 4: ಸೀಟ್ ಪೋಸ್ಟ್ ಬಿಚ್ಚಿಸಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಸೆಕೆಂಡ್ ಹ್ಯಾಂಡ್ ಸೈಕಲ್ ಆದರೆ ಸೀಟ್ ಪೋಸ್ಟ್ (ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಕೊಳವೆ) ಬಿಚ್ಚದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೊದಲು ಅದರ ಎತ್ತರಕ್ಕೆ ಟೇಪ್ ಸುತ್ತಿ ಗುರುತು ಮಾಡಿ. ಪೋಸ್ಟನ್ನು ಬಿಗಿ ಹಿಡಿಯುವ ಕಾಲರಿನ ಬೋಲ್ಟ್ ಸಡಿಲ ಮಾಡಿ. ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುವುತ್ತಾ ಮೇಲಕ್ಕೆ ಎಳೆಯಿರಿ. ಅಲುಗಾಡದಿದ್ದರೆ ವ್ಯಾಪಾರ ಅಲ್ಲಿಗೇ ನಿಲ್ಲಿಸಿ. "ಎಣ್ಣೆ ಬಿಟ್ಟರೆ ನಾಳೆ ಬರ್ತದೆ" ಎನ್ನುತ್ತಾರೆ. ಬರುವುದಿಲ್ಲ. ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ ಪೋಸ್ಟ್ ಇದ್ದು, ನಡುವೆ ಉಪ್ಪುನೀರು ಇಳಿದರೆ ಅಲ್ಲೊಂದು ಬ್ಯಾಟರಿಯೇ ತಯಾರಾಗುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಸವೆದು ಆಗುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಪೋಸ್ಟು ಒಳಗೇ ಉಬ್ಬಿ ಕೂರುತ್ತದೆ. ಆಮೇಲೆ ಗರಗಸದಿಂದ ಕೊಯ್ದು ತೆಗೆಯುವ ಕೆಲಸ. ಫ್ರೇಮೂ ಅಲ್ಯೂಮಿನಿಯಮ್ಮೇ ಆದರೆ ಈ ಬ್ಯಾಟರಿ ಇಲ್ಲ. ಆದರೂ ಗ್ರೀಸ್ ಇಲ್ಲದಿದ್ದರೆ ಉಪ್ಪಿಗೆ ಅದೂ ಕಚ್ಚಿಕೊಳ್ಳುತ್ತದೆ.

ಪೋಸ್ಟ್ ಹೊರಗೆ ಬಂತಾ? ಮೊಬೈಲ್ ಟಾರ್ಚ್ ಹಿಡಿದು ಕೊಳವೆಯೊಳಗೆ ನೋಡಿ. ಸ್ಟೀಲಿನಲ್ಲಿ ತೆಳ್ಳಗೆ ಕಂದು ಬಣ್ಣ ಕಂಡರೆ ಹೆದರಬೇಕಿಲ್ಲ. ಹಪ್ಪಳದಂತೆ ಪದರ ಎದ್ದಿದ್ದರೆ ಬೇಡ. ಕೆಳಗೆ ಪೇಪರ್ ಹಾಸಿ, ಸೈಕಲ್ ತಲೆಕೆಳಗು ಮಾಡಿ, ಕೊಳವೆಗೆ ಮರದ ಹಿಡಿಕೆಯಿಂದ ತಟ್ಟಿ. ಚಿಕ್ಕ ಚೂರುಗಳು ಉದುರಿದರೆ ಒಳಗೆ ಎಷ್ಟು ತಿಂದಿದೆ ಅಂತ ತಿಳಿಯುತ್ತದೆ. ನೀರು ಹೋಗಿ ನಿಲ್ಲುವುದು ಪೆಡಲಿನ ಅಚ್ಚು ಇರುವ ತಳದಲ್ಲಿ. ಅಲ್ಲಿ ನೀರು ಇಳಿಯಲು ಸಣ್ಣ ತೂತು ಇರಬೇಕು, ಮಣ್ಣು ಮೆತ್ತಿ ಮುಚ್ಚಿರಬಾರದು. ಆ ಭಾಗದ ಪೇಂಟ್ ಮೇಲೆ ಹೆಬ್ಬೆರಳು ಆಡಿಸಿ. ಗುಳ್ಳೆ ಸಿಕ್ಕರೆ ತುಕ್ಕು ಒಳಗಿನಿಂದ ಬಂದಿದೆ ಅಂತಲೇ ಅರ್ಥ. ಅಲ್ಯೂಮಿನಿಯಂ ಫ್ರೇಮಿನಲ್ಲಿ ಪೇಂಟಿನ ಅಡಿಯಲ್ಲಿ ಹುಳು ಹರಿದ ಹಾಗೆ ಗೆರೆ, ಬಿಳಿ ಪುಡಿ ಕಾಣುತ್ತದೆ. ಅದು ಮೇಲ್ಮೈಯಲ್ಲಷ್ಟೇ ಇದ್ದರೆ ನಡೆಯುತ್ತದೆ. ಆದರೆ ಹ್ಯಾಂಡಲ್ ಕೆಳಗಿನ ವೆಲ್ಡ್ ಮತ್ತು ಹಿಂದಿನ ಚಕ್ರ ಕೂರುವ ಜಾಗದ ವೆಲ್ಡ್ ಎರಡನ್ನೂ ಬಟ್ಟೆಯಲ್ಲಿ ಒರೆಸಿ, ಕೂದಲೆಳೆಯಂಥ ಬಿರುಕು ಇದೆಯಾ ಅಂತ ಹತ್ತಿರದಿಂದ ನೋಡಿ.

ಹಂತ 5: ಮಳೆಗಾಲಕ್ಕೆ ಮುಂಚಿನ ಕೆಲಸ

ಮೇ ತಿಂಗಳಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಸೀಟ್ ಪೋಸ್ಟ್ ತೆಗೆಯಿರಿ. ಒರೆಸಿ, ಧಾರಾಳವಾಗಿ ಗ್ರೀಸ್ ಹಚ್ಚಿ ಕೂರಿಸಿ. ಹಳೇ ಟ್ಯೂಬಿನ ನಾಲ್ಕು ಬೆರಳು ಅಗಲದ ತುಂಡನ್ನು ಕಾಲರ್ ಮೇಲೆ ತೊಡಿಸಿದರೆ ಅಲ್ಲಿಂದ ನೀರು ಇಳಿಯುವುದು ನಿಲ್ಲುತ್ತದೆ. ಪುಕ್ಕಟೆ ಉಪಾಯ.

ಸ್ಟೀಲ್ ಫ್ರೇಮಿನ ಒಳಗೆ ಪೇಂಟ್ ಅಂಗಡಿಯಲ್ಲಿ ಸಿಗುವ ಡಬಲ್ ಬಾಯ್ಲ್ಡ್ ಲಿನ್ಸೀಡ್ ಎಣ್ಣೆ ಬಿಡಿ. ಎಲ್ಲ ಕಡೆ ಹರಿಯುವಂತೆ ಫ್ರೇಮ್ ತಿರುಗಿಸಿ, ಉಳಿದದ್ದನ್ನು ಸುರಿದು, ಕೆಲವು ದಿನ ಒಣಗಲು ಬಿಡಿ. ಒಣಗಿ ಗಟ್ಟಿ ಪದರ ಆಗುತ್ತದೆ. ಮನೆಯಲ್ಲಿದೆ ಅಂತ ತೆಂಗಿನೆಣ್ಣೆ ಬಿಡಬೇಡಿ. ಅದು ಒಣಗುವುದೇ ಇಲ್ಲ, ಸುಮ್ನೆ ಇರುವೆ ಬರುತ್ತದೆ. ಒಂದು ಎಚ್ಚರಿಕೆ: ಲಿನ್ಸೀಡ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಇಡಬೇಡಿ, ತಾನಾಗಿ ಬಿಸಿಯೇರಿ ಬೆಂಕಿ ಹತ್ತಬಹುದು. ಹರಡಿ ಹೊರಗೆ ಒಣಹಾಕಿ.

ತುಕ್ಕು ಬಿಡಿಸುವ ಸ್ಪ್ರೇಯನ್ನೇ ಚೈನಿಗೆ ಹೊಡೆಯುವವರು ಬಹಳ. ಅದು ತೆಳು ಎಣ್ಣೆ, ಮಳೆಗೆ ನಿಲ್ಲುವುದಿಲ್ಲ. ಸುಟ್ಟ ಎಂಜಿನ್ ಆಯಿಲ್ ಇನ್ನೂ ಕೆಟ್ಟದ್ದು, ಬೀಚಿನ ಮರಳನ್ನೆಲ್ಲ ಹಿಡಿದು ಚೈನನ್ನು ಅರೆಯುತ್ತದೆ. ಮಳೆಗಾಲಕ್ಕೆಂದೇ ಬರುವ ಚೈನ್ ಎಣ್ಣೆಯ ಸಣ್ಣ ಬಾಟಲಿ ತನ್ನಿ. ಬೀಚ್ ಕಡೆ ಹೋಗಿ ಬಂದ ದಿನ ಬಾವಿ ನೀರು ಮಗ್ಗಿನಲ್ಲಿ ಹೊಯ್ದು ತೊಳೆದರೆ ಸಾಕು. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಪಂಪ್ ಬೇಡ, ನೀರು ಬೇರಿಂಗಿನೊಳಗೇ ಹೋಗುತ್ತದೆ.

ಹಂತ 6: ಗೇರ್, ಹಬ್, ಟೈರ್

ರೇಸಿನವರು ಹಾಕುವ 48ಕ್ಕೆ 15 ಹಲ್ಲಿನ (ಪೆಡಲಿನ ಚಕ್ರಕ್ಕೆ 48, ಹಿಂದಿನದಕ್ಕೆ 15) ಗೇರ್ ಇಲ್ಲಿ ಬೇಡ. ಕಾರವಾರದಲ್ಲಿ 44ಕ್ಕೆ 17, ಶಿರಸಿಯಲ್ಲಿ 42ಕ್ಕೆ 18. ಬಿಣಗಾ ಏರು ದಿನಾ ಹತ್ತುವವರೂ ಶಿರಸಿಯ ಲೆಕ್ಕವನ್ನೇ ಹಿಡಿಯಿರಿ. ಹಿಂದಿನ ಚಕ್ರದ ನಡುವಿನ ಹಬ್ ಎರಡೂ ಕಡೆ ಹಲ್ಲುಚಕ್ರ ಹಾಕುವಂಥದ್ದಾಗಿರಲಿ: ಒಂದು ಕಡೆ ಫಿಕ್ಸ್ (ಚಕ್ರದ ಜೊತೆಗೇ ಪೆಡಲ್ ತಿರುಗುವಂಥದ್ದು), ಇನ್ನೊಂದು ಕಡೆ ಫ್ರೀವೀಲ್. ದಿನದ ಓಡಾಟಕ್ಕೆ ಫ್ರೀವೀಲ್ ಬದಿಯನ್ನೇ ಬಳಸಿ. ಆಗ ಹಿಂದೆಯೂ ಒಂದು ಬ್ರೇಕ್ ಕಡ್ಡಾಯ. ಫಿಕ್ಸ್ ಹಾಕಿಕೊಂಡು ದೇವಿಮನೆ ಘಾಟ್ ಇಳಿಯಬೇಡಿ. ಇಳಿಜಾರಿನಲ್ಲಿ ಪೆಡಲಿನ ವೇಗಕ್ಕೆ ಕಾಲು ಕೂಡಿ ಬರುವುದಿಲ್ಲ.

ಓಡಿಸುವಾಗ ಸ್ಟೀಲ್ ಮೆತ್ತಗೆ, ಅಲ್ಯೂಮಿನಿಯಂ ಗಡುಸು ಎಂಬ ಮಾತು ಕೇಳಿರುತ್ತೀರಿ. ಆದರೆ ಹೊಂಡದ ಏಟು ಬೆನ್ನಿಗೆ ತಟ್ಟುವುದು ಬಹುಪಾಲು ಟೈರಿನ ಅಗಲ ಮತ್ತು ಗಾಳಿಯಿಂದ. ತೆಳು ಟೈರಿಗೆ ಗಟ್ಟಿ ಗಾಳಿ ತುಂಬಿದರೆ ಯಾವ ಫ್ರೇಮೂ ಸುಖ ಕೊಡುವುದಿಲ್ಲ. ಗಾಳಿ ಸ್ವಲ್ಪ ಇಳಿಸಿ ನೋಡಿ.

ಇನ್ನೊಂದು, ಹಿಂದಿನ ಚಕ್ರ ಬಿಚ್ಚಲು 15 ಮಿ.ಮೀ. ಪಾನಾ ಬೇಕು. ದಾರಿಯ ಪಂಕ್ಚರ್ ಅಂಗಡಿಯಲ್ಲಿ ಅದು ಇದ್ದೇ ಇರುತ್ತದೆ ಎಂದು ನಂಬಬೇಡಿ, ಬ್ಯಾಗಿನಲ್ಲಿ ಒಂದು ಇಟ್ಟುಕೊಳ್ಳಿ. ಚಕ್ರ ಮತ್ತೆ ಹಾಕುವಾಗ ಚೈನನ್ನು ನಡುವೆ ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಮಾತ್ರ ಆಡಬೇಕು. ಅದಕ್ಕಿಂತ ಸಡಿಲ ಇದ್ದರೆ ಚೈನ್ ಕಳಚುತ್ತದೆ, ಬಿಗಿ ಇದ್ದರೆ ಬೇರಿಂಗ್ ಹೋಗುತ್ತದೆ.