ಚಡಪಡಿಸುವ ಕಾಲಿಗೆ ಹಾಸಿಗೆ ಆರಿಸಿದ ಬಗೆ

ಮಲಗಿದ ಸ್ವಲ್ಪ ಹೊತ್ತಿಗೆ ಮೀನಖಂಡದೊಳಗೆ ಏನೋ ಹರಿದಾಡಿದ ಹಾಗಾಗುತ್ತದೆ, ಕಾಲು ಆಡಿಸದೆ ಇರಲಾಗುವುದಿಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದರೆ ಶಮನ, ಮಲಗಿದರೆ ಮತ್ತೆ ಶುರು. ವೈದ್ಯರು ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಎನ್ನುತ್ತಾರೆ. ಸ್ನಾಯು ಗಂಟುಕಟ್ಟಿ ನೋಯುವ ಸೆಳೆತ ಬೇರೆ, ಇದು ಬೇರೆ. ಯಾವ ಹಾಸಿಗೆಯೂ ಇದನ್ನು ವಾಸಿ ಮಾಡುವುದಿಲ್ಲ. ಆದರೆ ರಾತ್ರಿಯಿಡೀ ಮಗ್ಗುಲು ಬದಲಿಸುವವರಿಗೆ ಹಾಸಿಗೆಯೇ ಅಡ್ಡ ಬಂದರೆ ಅರೆನಿದ್ದೆ ಪೂರ್ತಿ ಎಚ್ಚರವಾಗಿಬಿಡುತ್ತದೆ. ಹೊರಳುವುದು ಸಲೀಸಾಗಬೇಕು, ಕಾಲಿಗೆ ಸೆಕೆ ಹಿಡಿಯಬಾರದು, ಪಕ್ಕದಲ್ಲಿ ಮಲಗಿದವರು ಏಳಬಾರದು. ಈ ಮೂರನ್ನು ಇಟ್ಟುಕೊಂಡೇ ನಾನು ಆರಿಸಿದ್ದು.

ಅಂಗಡಿಗಿಂತ ಮೊದಲು ರಕ್ತಪರೀಕ್ಷೆ. ಹಿಮೋಗ್ಲೋಬಿನ್ ಸರಿಯಿದ್ದರೂ ಮೈಯೊಳಗಿನ ಕಬ್ಬಿಣದ ದಾಸ್ತಾನು ಕಡಿಮೆಯಿರಬಹುದು, ಅದನ್ನು ತೋರಿಸುವುದು ಫೆರಿಟಿನ್. ಅದು ಮಿಲಿಲೀಟರಿಗೆ 75 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಈ ತೊಂದರೆಯವರಿಗೆ ಕಬ್ಬಿಣ ಕೊಡುವ ಯೋಚನೆ ಮಾಡುತ್ತಾರೆ. ಲ್ಯಾಬ್ ವರದಿಯಲ್ಲಿ ಮಾತ್ರ 30, 40 ಇದ್ದರೂ ನಾರ್ಮಲ್ ಎಂದೇ ಅಚ್ಚಾಗಿ ಬರುತ್ತದೆ, ಹಾಗಾಗಿ ಅಂಕಿಯನ್ನೇ ವೈದ್ಯರಿಗೆ ತೋರಿಸಿ ಕೇಳಬೇಕು. ಕಬ್ಬಿಣದ ಮಾತ್ರೆಯನ್ನು ನಾವೇ ತಂದು ನುಂಗುವುದು ಸಲ್ಲ, ಹೆಚ್ಚಾದರೂ ಅಪಾಯವೇ. ನಮ್ಮ ಕಡೆ ಮಳೆಗಾಲವೆಂದರೆ ನೆಗಡಿ ಮಾತ್ರೆ. ನಿದ್ದೆ ಬರಿಸುವ ಹಳೇ ನಮೂನೆಯ ಅಲರ್ಜಿ ಔಷಧ ಅದರಲ್ಲಿದ್ದರೆ ಅವತ್ತು ರಾತ್ರಿ ಕಾಲು ಇನ್ನೂ ಜಾಸ್ತಿ ಕಾಡುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಹಾಗೆಯೇ. ಸಂಜೆಯ ಚಹಾ, ಕಾಫಿಯನ್ನು ಬಿಟ್ಟು ನೋಡುವುದೂ ಒಳ್ಳೆಯದು.

ಈಗ ಹಾಸಿಗೆ. ಮೆಮರಿ ಫೋಮ್ ಮೇಲೆ ಅಂಗಡಿಯಲ್ಲಿ ಎರಡು ನಿಮಿಷ ಮಲಗಿದರೆ ಸ್ವರ್ಗ. ಮೈಶಾಖಕ್ಕೆ ಅದು ಮೆತ್ತಗಾಗಿ, ಸೊಂಟ ಮತ್ತು ಹಿಮ್ಮಡಿ ಇದ್ದ ಕಡೆ ಗುಳಿ ಬೀಳುತ್ತದೆ. ಹೊರಳಿದರೆ ಆ ಗುಳಿ ಕೂಡಲೇ ತುಂಬುವುದಿಲ್ಲ, ಗುಳಿಯ ಅಂಚು ದಾಟಲು ಮೊಣಕೈ ಊರಬೇಕಾಗುತ್ತದೆ. ಕಾಲು ಆಡಿಸಲೇಬೇಕು ಎನ್ನಿಸುವ ಹೊತ್ತಿನಲ್ಲಿ ಕಾಲು ಹೂತುಕೊಂಡಂತಿರುವುದು ಬಹಳ ಹಿಂಸೆ. ಕಾರವಾರ, ಅಂಕೋಲಾದ ಏಪ್ರಿಲ್-ಮೇ ಸೆಕೆಯಲ್ಲಿ ಬೆವರು ಬೇರೆ. ಶಿರಸಿ ಕಡೆ ಡಿಸೆಂಬರ್ ಚಳಿಗೆ ಇದೇ ಫೋಮ್ ಬಿರುಸಾಗುತ್ತದೆ. ಎರಡೂ ಕಡೆಗೂ ನಾನು ಇದನ್ನು ಹೇಳುವುದಿಲ್ಲ.

ಬೂರುಗದ ಹತ್ತಿ ತಂಪು, ಆದರೆ ಬೇಗ ಗಂಟಾಗಿ ನಡುವೆ ತಗ್ಗು ಬೀಳುತ್ತದೆ. ಮಳೆಗಾಲದಲ್ಲಿ ಶೀತ ಹೀರುತ್ತದೆ, ಬಿಸಿಲಿಗೆ ಹಾಕಲು ಬಿಸಿಲೇ ಇರುವುದಿಲ್ಲ. ರಬ್ಬರ್ ಹಾಲು ಸಿಂಪಡಿಸಿ ಒತ್ತಿದ ತೆಂಗಿನ ನಾರಿನ ಹಾಸಿಗೆ ಗಟ್ಟಿ, ಗಾಳಿಯಾಡುತ್ತದೆ, ಹೊರಳಲು ಬಹಳ ಸುಲಭ. ಮಗ್ಗುಲಾಗಿ ಮಲಗುವವರಿಗೆ ಸೊಂಟದ ಎಲುಬು, ಭುಜ ಒತ್ತುವುದೊಂದೇ ಅದರ ದೋಷ. ಹಾಗಾಗಿ ನಾನು ನಿಂತದ್ದು ಎರಡು ಪದರಕ್ಕೆ: ಕೆಳಗೆ 4 ಇಂಚು ನಾರು, ಮೇಲೆ 2 ಇಂಚು ಲ್ಯಾಟೆಕ್ಸ್, ಅಂದರೆ ರಬ್ಬರ್ ಹಾಲಿನಿಂದ ಮಾಡಿದ ಫೋಮ್. ಲ್ಯಾಟೆಕ್ಸ್ ಒತ್ತಿದಷ್ಟೇ ಬೇಗ ಮೇಲೇಳುತ್ತದೆ, ಹೊರಳುವಾಗ ಅದೇ ಸ್ವಲ್ಪ ತಳ್ಳಿಕೊಡುತ್ತದೆ. ಉದ್ದಕ್ಕೂ ಸೂಜಿತೂತುಗಳಿರುವುದರಿಂದ ಶಾಖವೂ ಅಷ್ಟು ನಿಲ್ಲುವುದಿಲ್ಲ. 72×36 ಇಂಚು ಅಳತೆಯ, 2 ಇಂಚು ದಪ್ಪದ ಲ್ಯಾಟೆಕ್ಸ್ ಹಾಳೆ ಸುಮಾರು 5ರಿಂದ 7 ಕಿಲೋ ತೂಗಬೇಕು. ತೀರಾ ಹಗುರವಿದ್ದರೆ ಕವರಿನ ಜಿಪ್ ತೆಗೆಸಿ ಒಳಗಿರುವುದು ಲ್ಯಾಟೆಕ್ಸೇ ಹೌದೋ ಎಂದು ನೋಡಿ.

ದುಡ್ಡು ಸಾಲದಿದ್ದರೆ ಸಾದಾ ಪಿಯು (ಪಾಲಿಯುರೆಥೇನ್) ಫೋಮ್ ಆಗಬಹುದು, ಆದರೆ ತೂಕ ಮಾಡಿಸಿಯೇ ತೆಗೆದುಕೊಳ್ಳಿ. ಸಾಂದ್ರತೆ 32 ಅಂದರೆ ಒಂದು ಘನ ಮೀಟರಿಗೆ 32 ಕಿಲೋ. 72×36 ಅಳತೆಯ 5 ಇಂಚಿನ ಫೋಮ್ 0.21 ಘನ ಮೀಟರ್ ಆಗುತ್ತದೆ. 32ರದ್ದಾದರೆ ಸುಮಾರು 6.8 ಕಿಲೋ, 40ರದ್ದಾದರೆ 8.5 ಕಿಲೋ, ಬಟ್ಟೆ ಕವರಿನ ತೂಕ ಬೇರೆ. 40 ಎಂದು ಚೀಟಿ ಅಂಟಿಸಿದ್ದು ಕವರೂ ಸೇರಿ 6 ಕಿಲೋ ತೂಗಿದರೆ ಅಲ್ಲೇ ಬಿಟ್ಟು ಬನ್ನಿ. ಅದು ವರ್ಷದೊಳಗೆ ತಗ್ಗು ಬೀಳುವ ಮಾಲು.

ಅಂಗಡಿಯಲ್ಲಿ ನಾಚಿಕೊಳ್ಳಬೇಡಿ. ಚಪ್ಪಲಿ ಬಿಟ್ಟು, ಮನೆಯಲ್ಲಿ ಮಲಗುವ ಭಂಗಿಯಲ್ಲಿ 15 ನಿಮಿಷ ಮಲಗಿ. ಎರಡೂ ಕೈ ಎದೆಯ ಮೇಲಿಟ್ಟು, ಊರದೆ, ಎಡದಿಂದ ಬಲಕ್ಕೆ ಹೊರಳಿ. ಎರಡನೇ ಪ್ರಯತ್ನ ಬೇಕಾದರೆ ಆ ಹಾಸಿಗೆ ನಿಮಗಲ್ಲ. ಆಮೇಲೆ ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿ. ಸಡಿಲವಾಗಿ ಹೋದರೆ ಹಾಸಿಗೆ ಬಿರುಸು, ತೂರಲೇ ಇಲ್ಲವಾದರೆ ಮೈ ಹೂತಿದೆ, ಸ್ವಲ್ಪ ಬಿಗಿಯಾಗಿ ಹೋದರೆ ಸರಿ. ಕೊನೆಗೆ ಹಿಮ್ಮಡಿಯನ್ನು ಹಾಸಿಗೆಗೆ ತಾಗಿಸಿಕೊಂಡೇ ಮೇಲೆ ಕೆಳಗೆ ಜಾರಿಸಿ, ಎಲ್ಲೂ ಹಿಡಿಯಬಾರದು.

ಇಬ್ಬರು ಮಲಗುವ ಮಂಚಕ್ಕೆ ಒಂದೇ ದೊಡ್ಡ ಹಾಸಿಗೆ ಬೇಡ. 36 ಇಂಚು ಅಗಲದ ಎರಡು ಒಂಟಿ ಹಾಸಿಗೆಗಳನ್ನು ಅಕ್ಕಪಕ್ಕ ಇಡಿ, ಹೊದಿಕೆಯೂ ಬೇರೆ ಬೇರೆ ಇರಲಿ. ಒಬ್ಬರು ಒದ್ದಾಡಿದರೆ ಇನ್ನೊಬ್ಬರಿಗೆ ಅಲುಗಾಟ ಬಹಳ ಕಡಿಮೆ. ಒಂದಕ್ಕೊಂದು ತಂತಿ ಹೆಣೆದ ಸ್ಪ್ರಿಂಗ್ ಹಾಸಿಗೆಯಂತೂ ಇಂಥವರ ಮನೆಗೆ ಖಂಡಿತ ಬೇಡ, ಒಂದು ತುದಿಯ ಒದೆತ ಇನ್ನೊಂದು ತುದಿಗೆ ಹೋಗುತ್ತದೆ. ಉದ್ದ ನಿಮ್ಮ ಎತ್ತರಕ್ಕಿಂತ 6 ಇಂಚಾದರೂ ಹೆಚ್ಚಿರಲಿ. 5 ಅಡಿ 8 ಇಂಚಿನವರಿಗೆ 72 ಸಾಲದು, 75 ಅಥವಾ 78 ಬೇಕು. ಕಾಲ್ದೆಸೆಯಲ್ಲಿ ಹಲಗೆಯಿಲ್ಲದ ಮಂಚವೇ ಒಳ್ಳೆಯದು. ಚಾದರವನ್ನು ಕಾಲ ಬುಡದಲ್ಲಿ ಬಿಗಿಯಾಗಿ ಸಿಕ್ಕಿಸಬೇಡಿ.

ಕರಾವಳಿಯಲ್ಲಿ ಹಾಸಿಗೆ ಕೆಡುವುದು ಕೆಳಗಿನಿಂದ. ಇಡೀ ಪ್ಲೈವುಡ್ ಹಲಗೆಯ ಮೇಲಿಟ್ಟರೆ ಮೈಬೆವರಿನ ಪಸೆ ಅಡಿಯಲ್ಲಿ ನಿಂತು ಆಷಾಢದ ಹೊತ್ತಿಗೆ ಕರಿಚುಕ್ಕೆಯ ಬೂಷ್ಟು ಹಿಡಿಯುತ್ತದೆ. ಪಟ್ಟಿ ಹೊಡೆದ ಮಂಚ ಬೇಕು, ಪಟ್ಟಿಗಳ ನಡುವೆ 2ರಿಂದ 3 ಇಂಚು ಸಂದು. ಸಂದು ಅದಕ್ಕಿಂತ ದೊಡ್ಡದಾದರೆ ಹಾಸಿಗೆಯೇ ಸಂದಿಗೆ ಇಳಿಯುತ್ತದೆ. ಚಿರೆಕಲ್ಲಿನ ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಹೊಸದರ ಪ್ಲಾಸ್ಟಿಕ್ ಹೊದಿಕೆಯನ್ನು ಮೊದಲ ದಿನವೇ ತೆಗೆಯಿರಿ. ಹಾಸಿಗೆ ಹಾಳಾಗಬಾರದೆಂದು ಬಿಟ್ಟವರ ಮನೆಯಲ್ಲೇ ಬೆವರೂ ಬೂಷ್ಟೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಹಾಸಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಅಡಿಭಾಗಕ್ಕೆ ಎರಡು ತಾಸು ಫ್ಯಾನ್ ಗಾಳಿ ಬಿಡಿ. ಲ್ಯಾಟೆಕ್ಸನ್ನು ಮಾತ್ರ ನೇರ ಬಿಸಿಲಿಗೆ ಹಾಕಬೇಡಿ, ಪುಡಿಯಾಗುತ್ತದೆ.

ಹೊಸ ಹಾಸಿಗೆಯನ್ನು ಒಂದೆರಡು ರಾತ್ರಿಯಲ್ಲಿ ಅಳೆಯಬೇಡಿ, ಈ ಕಾಲಿನ ಕಾಟ ಒಂದು ದಿನದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಗೋಡೆಯ ಕ್ಯಾಲೆಂಡರಿನ ಮೇಲೆ ರಾತ್ರಿ ಎಷ್ಟು ಸಲ ಎದ್ದಿರಿ ಎಂದು ಬೆಳಿಗ್ಗೆ ಒಂದು ಅಂಕಿ ಬರೆಯಿರಿ. ಹಳೆಯ ಹಾಸಿಗೆಯಲ್ಲಿ ಎರಡು ವಾರ, ಹೊಸದರಲ್ಲಿ ನಾಲ್ಕು ವಾರ. ಅಂಕಿ ಇಳಿಯದಿದ್ದರೆ ಮರಳಿಸುವ ಗಡುವು ಮುಗಿಯುವ ಮೊದಲೇ ಮರಳಿಸಿ, ಆ ಕ್ಯಾಲೆಂಡರಿನ ಹಾಳೆಯನ್ನು ವೈದ್ಯರ ಬಳಿಗೆ ಒಯ್ಯಿರಿ.