ಸ್ಟೆರಾಯ್ಡ್ ಡ್ರಾಪ್ಸ್ ಬಿಡಿಸುವ ಕೆಲಸ

ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಕಣ್ಣು ತೋರಿಸಲು ಬರುವವರಿಗೆ ಫೋನಿನಲ್ಲೇ ಹೇಳಿಬಿಡುತ್ತೇನೆ: ಮನೆಯಲ್ಲಿರುವ ಡ್ರಾಪ್ಸ್ ಬಾಟಲಿಗಳನ್ನೆಲ್ಲ, ಖಾಲಿಯಾದದ್ದೂ ಸೇರಿ, ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಚೀಟಿಗಿಂತ ಆ ಚೀಲವೇ ಹೆಚ್ಚು ಹೇಳುತ್ತದೆ. ಬೇಸಿಗೆ ಬಂತೆಂದರೆ ಕಣ್ಣು ತುರಿಸಿಕೊಳ್ಳುವ ಅಲರ್ಜಿ ಹುಡುಗರ ಮನೆಯ ಚೀಲದಲ್ಲಂತೂ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಹನಿಯ ಬಾಟಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆಂಟಿಬಯಾಟಿಕ್ ಜೊತೆ ಬೆರೆಸಿದ್ದಾದ್ದರಿಂದ ಮನೆಯವರ ಲೆಕ್ಕದಲ್ಲಿ ಅದು ಬರೀ ಇನ್ಫೆಕ್ಷನ್ ಔಷಧಿ.

"ಹೋದ್ ವರ್ಷದ್ ಚೀಟಿ ತೋರ್ಸಿದ್ರೆ ಮೆಡಿಕಲ್‌ನಲ್ಲಿ ಕೊಡ್ತಾರೆ ಡಾಕ್ಟ್ರೇ. ಎರಡ್ ಹನಿ ಬಿಟ್ರೆ ಸಾಕು, ಕೆಂಪು ಹೋಗ್ತದೆ" ಎಂದರು ಮೊಮ್ಮಗನನ್ನು ಕರೆತಂದಿದ್ದ ಒಬ್ಬ ಅಜ್ಜಿ. ಹೋಗುತ್ತದೆ, ಸುಳ್ಳಲ್ಲ. ಬಿಡಿಸುವುದು ಕಷ್ಟವಾಗುವುದೂ ಅದಕ್ಕೇ.

ಸ್ಟೆರಾಯ್ಡ್ ಹಾರ್ಮೋನಿನ ಜಾತಿಯ, ಕೊಬ್ಬಿನಲ್ಲಿ ಕರಗುವ ವಸ್ತು. ಜೀವಕೋಶದ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಒಳಗೆ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರ್ ಎಂಬ ಪ್ರೋಟೀನ್ ಇರುತ್ತದೆ. ಎರಡೂ ಕೂಡಿ ಕೋಶಕೇಂದ್ರಕ್ಕೆ ಹೋಗಿ, ಉರಿಯೂತ ಹೆಚ್ಚಿಸುವ ಜೀನ್‌ಗಳನ್ನು ತಗ್ಗಿಸುತ್ತವೆ. ಕೆಂಪು ಇಳಿಯುವುದು ಹೀಗೆ. ಆದರೆ ಈ ರಿಸೆಪ್ಟರ್ ಕಣ್ಣಿನ ಬಿಳಿ ಭಾಗದ ಮೇಲ್ಪೊರೆಯಲ್ಲಿ ಮಾತ್ರವಲ್ಲ, ಕಣ್ಣೊಳಗಿನ ನೀರು ಹೊರಹೋಗುವ ಟ್ರಾಬೆಕ್ಯುಲರ್ ಜಾಲರಿಯಲ್ಲೂ ಇದೆ. ಅಲ್ಲಿನ ಕೋಶಗಳು ಸ್ಟೆರಾಯ್ಡ್ ಸಿಕ್ಕಾಗ ಫೈಬ್ರೊನೆಕ್ಟಿನ್ ಎಂಬ ಅಂಟು ಪ್ರೋಟೀನಿನಂಥ ವಸ್ತುಗಳನ್ನು ಹೆಚ್ಚು ಸುರಿಸುತ್ತವೆ, ಕಸ ನುಂಗುವ ಕೆಲಸವನ್ನು ಕಡಿಮೆ ಮಾಡುತ್ತವೆ. ಕೆರೆಯ ತೂಬಿನಲ್ಲಿ ಹೂಳು ತುಂಬಿದಂತೆ. ನೀರು ಬರುವುದು ನಿಲ್ಲುವುದಿಲ್ಲ, ಹೋಗುವುದು ನಿಧಾನವಾಗುತ್ತದೆ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುವ ಕಣ್ಣೊಳಗಿನ ಒತ್ತಡ ಏರತೊಡಗುತ್ತದೆ. ಹುಡುಗನಿಗೆ ನೋವಿಲ್ಲ, ಕೆಂಪೂ ಇಲ್ಲ. ಗ್ಲಾಕೋಮಾ ಮಾತ್ರ ಒಳಗೇ ದೃಷ್ಟಿ ನರ ತಿನ್ನುತ್ತಿರುತ್ತದೆ.

ಎಲ್ಲರಿಗೂ ಹೀಗಾಗುವುದಿಲ್ಲ. ಸ್ಟೆರಾಯ್ಡ್ ಹನಿಗೆ ಸುಮಾರು ಮೂರರಲ್ಲೊಬ್ಬರ ಒತ್ತಡ ಮಧ್ಯಮ ಪ್ರಮಾಣದಲ್ಲಿ ಏರುತ್ತದೆ, ಶೇಕಡಾ 5ರಷ್ಟು ಜನರಲ್ಲಿ ತೀರಾ ಏರುತ್ತದೆ ಎಂಬುದು 1960ರ ದಶಕದಿಂದಲೇ ಗೊತ್ತಿರುವ ವಿಷಯ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಮೈನಸ್ ನಂಬರ್ ಜಾಸ್ತಿ ಇದೆಯೇ ಎಂದು ಕೇಳಿಯೇ ಕೇಳುತ್ತೇನೆ. ಉತ್ತರ ಇಲ್ಲವೆಂದಾದರೂ ಒತ್ತಡ ಅಳೆಯುವುದನ್ನು ಬಿಡುವುದಿಲ್ಲ. ಪರಿಣಾಮ ಜೀನ್‌ಗಳ ಮೂಲಕ ಬರುವುದರಿಂದ ಒತ್ತಡ ಸಾಮಾನ್ಯವಾಗಿ ಏರುವುದು ವಾರಗಳ ಮೇಲೆ. ಹಾಗಾಗಿ ಶುರುವಿನಲ್ಲಿ ಒಮ್ಮೆ, ಎರಡು ಮೂರು ವಾರ ಕಳೆದ ಮೇಲೆ ಒಮ್ಮೆ, ಆರನೇ ವಾರಕ್ಕೆ ಮತ್ತೊಮ್ಮೆ ನೋಡುತ್ತೇನೆ. ಮಕ್ಕಳಿಗೆ ಒತ್ತಡ ಅಳೆಯಲು ರೀಬೌಂಡ್ ಟೋನೋಮೀಟರ್ ಎಂಬ ಉಪಕರಣ ಒಳ್ಳೆಯದು, ಮರಗಟ್ಟಿಸುವ ಹನಿ ಬೇಡ. ಮಳೆಗಾಲದಲ್ಲಿ ಆಗುಂಬೆ ಕಡೆಯವರು ಹೇಳಿದ ದಿನಕ್ಕೆ ಬರಲಾಗುವುದಿಲ್ಲ. ಅಂಥವರಿಗೆ ಎರಡನೇ ಬಾಟಲಿಯ ಚೀಟಿ ಬರೆದುಕೊಡುವುದೇ ಇಲ್ಲ.

ಹಳೇ ಹನಿಯನ್ನು ಒಮ್ಮೆಲೇ ನಿಲ್ಲಿಸಿದರೆ ಕಣ್ಣು ಮತ್ತೆ ಕೆಂಡವಾಗಿ, ಮನೆಯವರು ಮೆಡಿಕಲ್‌ಗೇ ಹೋಗುತ್ತಾರೆ. ಅದಕ್ಕೆ ಫ್ಲೋರೋಮೆಥೊಲೋನ್ ಅಥವಾ ಲೋಟೆಪ್ರೆಡ್ನಾಲ್ ಎಂಬ ಸೌಮ್ಯ ಸ್ಟೆರಾಯ್ಡ್‌ಗೆ ಇಳಿಸಿ, ಹನಿಗಳ ಸಂಖ್ಯೆ ಕಡಿಮೆ ಮಾಡುತ್ತ ಹೋಗುತ್ತೇನೆ. ಲೋಟೆಪ್ರೆಡ್ನಾಲ್ ಕಣ್ಣೊಳಗಿನ ಕಿಣ್ವಗಳಿಂದಲೇ ಒಡೆದು ನಿಷ್ಕ್ರಿಯವಾಗುವುದರಿಂದ ಒತ್ತಡ ಏರಿಸುವುದು ಕಡಿಮೆ, ಏರಿಸುವುದೇ ಇಲ್ಲವೆಂದಲ್ಲ. ಜೊತೆಗೆ ಅಲರ್ಜಿಯ ಹನಿ ಓಲೋಪಟಡೀನ್, ತಣ್ಣೀರ ಬಟ್ಟೆ. ಜೋರಿದ್ದರೆ ಸೈಕ್ಲೋಸ್ಪೋರಿನ್ ಹನಿ, ಇಲ್ಲವೇ 0.03 ಶೇಕಡಾ ಟ್ಯಾಕ್ರೊಲಿಮಸ್ ಮುಲಾಮು. ಇವು ಸ್ಟೆರಾಯ್ಡ್ ರಿಸೆಪ್ಟರ್ ತಂಟೆಗೆ ಹೋಗುವುದಿಲ್ಲ. ಮುಲಾಮು ಮೊದಲ ದಿನಗಳಲ್ಲಿ ಉರಿಯುತ್ತದೆ ಎಂದು ತಾಯಿಗೆ ಮೊದಲೇ ಹೇಳಿಡಬೇಕು; ಹೇಳದಿದ್ದರೆ ಅದು ಕಪಾಟು ಸೇರುತ್ತದೆ.

ಅಡಿಕೆ ಕೊಯ್ಲಿನ ಸಮಯದ ಸಂಗತಿ ಬೇರೆ. ಸೋಗೆ ತುದಿ ಕಣ್ಣಿಗೆ ತಾಗಿ ಕೆಂಪಾಗಿ ಬಂದವರಿಗೆ ಫಂಗಸ್ ಹುಣ್ಣು ಇಲ್ಲವೆಂದು ಖಾತ್ರಿಯಾಗುವವರೆಗೆ ಸ್ಟೆರಾಯ್ಡ್ ಮುಟ್ಟುವುದಿಲ್ಲ. ಉರಿಯೂತ ತಗ್ಗಿಸುವ ಅದೇ ಗುಣ ಅಲ್ಲಿ ಫಂಗಸ್ಸಿಗೆ ದಾರಿ ಬಿಟ್ಟುಕೊಡುತ್ತದೆ.

ಮುಟ್ಟು ನಿಂತ ಹೆಂಗಸರು "ಕಣ್ಣಲ್ಲಿ ಮರಳು ಬಿದ್ದ ಹಾಗೆ" ಎಂದು ಬರುವುದಕ್ಕೂ ಹಾರ್ಮೋನಿನ ನಂಟಿದೆ. ರೆಪ್ಪೆಯ ಎಣ್ಣೆ ಗ್ರಂಥಿಗಳಲ್ಲಿ ಆಂಡ್ರೊಜನ್ ಎಂಬ ಹಾರ್ಮೋನಿನ ರಿಸೆಪ್ಟರ್ ಇದೆ. ಆ ಹಾರ್ಮೋನು ತಗ್ಗಿದರೆ ಎಣ್ಣೆ ತಗ್ಗಿ ಕಣ್ಣೀರು ಬೇಗ ಆರುತ್ತದೆ. ಅವರಿಗೆ ಬಿಸಿ ಬಟ್ಟೆಯ ಶಾಖ, ಕೃತಕ ಕಣ್ಣೀರು.

ಇನ್ನು ನೋಟದ ನಡುವೆ ಮಸುಕು ಕಲೆ ಎಂದು ಬರುವ ನಡುವಯಸ್ಸಿನ ಗಂಡಸರು. ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದಡಿ ನೀರು ನಿಂತಿದ್ದರೆ ಮಾತ್ರೆ, ಮೂಗಿನ ಸ್ಪ್ರೇ, ಆಸ್ತಮಾ ಪಂಪು, ಮಂಡಿಗೆ ಕೊಟ್ಟ ಇಂಜೆಕ್ಷನ್ ಎಲ್ಲವನ್ನೂ ಕೇಳುತ್ತೇನೆ. ಯಾವ ದಾರಿಯಿಂದ ಒಳಹೋದ ಸ್ಟೆರಾಯ್ಡೂ ಇದಕ್ಕೆ ಕಾರಣವಾಗಬಹುದು. ಸ್ಟೆರಾಯ್ಡ್ ಕೂಡುವ ಇನ್ನೊಂದು ರಿಸೆಪ್ಟರ್ ಆದ ಮಿನರಲೊಕಾರ್ಟಿಕಾಯ್ಡ್ ರಿಸೆಪ್ಟರ್ ತಡೆಯುವ ಎಪ್ಲೆರಿನೋನ್ ಮಾತ್ರೆ ಮೇಲೆ ಬಹಳ ಆಸೆಯಿತ್ತು. 2020ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ಅದರಿಂದ ಲಾಭ ಕಾಣಲಿಲ್ಲ, ನಾನು ಬರೆಯುವುದಿಲ್ಲ. ಪಂಪನ್ನು ತಾವಾಗಿಯೇ ನಿಲ್ಲಿಸಬೇಡಿ ಎಂದು ಹೇಳಿ, ಅದನ್ನು ಬರೆದ ವೈದ್ಯರಿಗೆ ಪತ್ರ ಕೊಟ್ಟು ಕಳಿಸುತ್ತೇನೆ.