ಮುಂದೊಗಲು ಬಿಗಿಯಾಗಿದ್ದರೆ ಏನು ಮಾಡಬೇಕು?

ಶಿಶ್ನದ ಮುಂದೊಗಲು ಹಿಂದಕ್ಕೆ ಸರಿಯದ ಸ್ಥಿತಿಯನ್ನು ವೈದ್ಯರು ಫೈಮೋಸಿಸ್ ಎನ್ನುತ್ತಾರೆ. ಎಳೆಯ ಗಂಡುಮಕ್ಕಳಲ್ಲಿ ಇದು ಸಹಜ. ಕೆಲವರಲ್ಲಿ ಹದಿಹರೆಯದವರೆಗೂ ಉಳಿದು ತಾನಾಗಿಯೇ ಸಡಿಲವಾಗುತ್ತದೆ. ಆದ್ದರಿಂದ ಮಲೆನಾಡಿನ ಬಚ್ಚಲುಮನೆಯಲ್ಲಿ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವಾಗ ಯಾರೂ ಆ ಚರ್ಮವನ್ನು ಬಲವಂತವಾಗಿ ಹಿಂದಕ್ಕೆಳೆಯಬಾರದು, ಏಕೆಂದರೆ ಆಗ ಬೀಳುವ ಸಣ್ಣ ಬಿರುಕುಗಳು ಮಾಯುತ್ತಾ ಗಟ್ಟಿಯಾಗಿ, ಇಲ್ಲದ ರೋಗವನ್ನು ತಂದಿಡಬಹುದು.

ಮೂತ್ರ ಮಾಡುವಾಗ ನೋವು ಅಥವಾ ಪದೇ ಪದೇ ಸೋಂಕು ಕಂಡರೆ ವೈದ್ಯರಿಗೆ ತೋರಿಸಬೇಕು. ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಬೀಟಾಮೆಥಸೋನ್‌ನಂತಹ ಸ್ಟೀರಾಯ್ಡ್ ಮುಲಾಮು. ಅದನ್ನು ವೈದ್ಯರು ಹೇಳಿದಂತೆ, ಸಾಮಾನ್ಯವಾಗಿ ದಿನಕ್ಕೆ 2 ಬಾರಿ, 4ರಿಂದ 8 ವಾರಗಳ ಕಾಲ ಬಿಗಿಯಾದ ಅಂಚಿಗೆ ತೆಳುವಾಗಿ ಹಚ್ಚಿ, ನೋವಾಗದಷ್ಟೇ ಮೃದುವಾಗಿ ಚರ್ಮವನ್ನು ಸರಿಸಬೇಕು. ಬಹಳಷ್ಟು ಮಕ್ಕಳಿಗೆ ಇಷ್ಟೇ ಸಾಕಾಗುತ್ತದೆ; ಔಷಧದ ಅಂಗಡಿಯಲ್ಲಿ ಕೇಳಿ ತಂದ ಮುಲಾಮನ್ನು ಮಾತ್ರ ತಿಂಗಳುಗಟ್ಟಲೆ ಹಚ್ಚಬಾರದು.

ವಯಸ್ಕರಲ್ಲಿ ಹೊಸದಾಗಿ ಬಿಗಿತ ಕಾಣಿಸಿಕೊಂಡರೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳುವುದು ಒಳಿತು, ಮಧುಮೇಹ ಇದಕ್ಕೆ ಕಾರಣವಾಗಿರಬಹುದು. ಮುಲಾಮಿನಿಂದ ಫಲ ಸಿಗದಿದ್ದರೆ ಮುಂದೊಗಲನ್ನು ಉಳಿಸಿಕೊಂಡೇ ಅಗಲಗೊಳಿಸುವ ಶಸ್ತ್ರಚಿಕಿತ್ಸೆಯೂ ಉಂಟು. ತುದಿಯ ಚರ್ಮ ಬಿಳಿಚಿ ಗಡುಸಾಗಿದ್ದರೆ ಸಾಮಾನ್ಯವಾಗಿ ಸುನ್ನತಿಯನ್ನೇ ಸೂಚಿಸುತ್ತಾರೆ.

ಹಿಂದೆ ಸರಿದ ಚರ್ಮ ಮರಳದೆ ಶಿಶ್ನದ ತುದಿ ಊದಿಕೊಂಡರೆ ಅದು ತುರ್ತುಸ್ಥಿತಿ. ಮಳೆಗಾಲದ ರಾತ್ರಿಯಾದರೂ ಬೆಳಗಾಗಲೆಂದು ಕಾಯದೆ, ಹತ್ತಿರದ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಕೂಡಲೇ ಹೊರಡಬೇಕು.